ಆರುನೂರು ಅಡಿ ಆಚೆ

ಗೆಳೆಯನೊಬ್ಬ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿರುವ ತನ್ನ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದು ಬಂದ. ಬಂದ ಮೇಲೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಆಪಲ್ ಕಂಪನಿಯ ಉಂಗುರದಂಥ ಕಟ್ಟಡದ ಬಗ್ಗೆ ಹೇಳ್ತಾನೆ ಅಂದುಕೊಂಡರೆ, ಅವನು ಕೇಳಿದ್ದೇ ಬೇರೆ. "ಅಲ್ಲ ಮಾರಾಯ, ಅಲ್ಲಿ ಗಾಂಜಾ ಲೀಗಲ್ ಅಂತಾರಲ್ಲ, ಮೂರು ವಾರದಲ್ಲಿ ಅಕ್ಕನ ಊರಲ್ಲಿ ಒಂದೇ ಒಂದು ಅಂಗಡಿ ಕಾಣಲಿಲ್ಲ. ಎಲ್ಲಿ ಬಚ್ಚಿಟ್ಟಿದಾರೆ?" ಅಕ್ಕನನ್ನು ಕೇಳಿದ್ದಕ್ಕೆ, "ಸದ್ಯ, ನಮ್ಮೂರಲ್ಲಿ ಇಲ್ಲ. ಬೇಕಾದೋರು ಸ್ಯಾನ್ ಹೋಸೆಗೆ ಹೋಗ್ತಾರೆ" ಅಂದರಂತೆ.

ಅಕ್ಕ ಹೇಳಿದ್ದು ಸರಿ. ಕ್ಯುಪರ್ಟಿನೊ, ಅದರ ಪಕ್ಕದ ಸನಿವೇಲ್, ಎರಡೂ ತಮ್ಮ ಗಡಿಯೊಳಗೆ ಗಾಂಜಾ ಅಂಗಡಿ ತೆರೆಯಲು ಅವಕಾಶ ಕೊಟ್ಟಿಲ್ಲ. ಪಕ್ಕದ ದೊಡ್ಡ ಊರು ಸ್ಯಾನ್ ಹೋಸೆ ಕೊಟ್ಟಿದೆ, ಅದೂ ಲೆಕ್ಕ ಹಾಕಿ. 2016ರಲ್ಲಿ ಇಡೀ ರಾಜ್ಯ ವೋಟು ಹಾಕಿ ಗಾಂಜಾವನ್ನು ಕಾನೂನುಬದ್ಧ ಮಾಡಿತು. ಈ ಊರುಗಳೆಲ್ಲ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲೂ ಬಹುಮತ ಪರವಾಗಿಯೇ ಬಿತ್ತು. ಹಾಗಿದ್ದೂ ಅಂಗಡಿ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅಂತಾರಲ್ಲ, ಆ ಥರ.

ಇಲ್ಲಿ ಪೂಜಾರಿ ಅಂದರೆ ಊರಿನ ನಗರಸಭೆ. ಅದರ ಕೈಯಲ್ಲಿರುವ ಸಾಧನದ ಹೆಸರು ಜೋನಿಂಗ್. ನಮ್ಮ ಬಿಡಿಎ ನಕ್ಷೆ ನೋಡಿದವರಿಗೆ ಇದು ಗೊತ್ತು: ಹಳದಿ ಬಣ್ಣ ಇದ್ದರೆ ಮನೆ, ನೀಲಿ ಇದ್ದರೆ ಅಂಗಡಿ, ನೇರಳೆ ಇದ್ದರೆ ಕಾರ್ಖಾನೆ. ಯಾವ ಜಾಗದಲ್ಲಿ ಏನು ಮಾಡಬಹುದು ಅನ್ನೋದನ್ನು ಬಣ್ಣ ಹಚ್ಚಿ ಹೇಳುವ ವ್ಯವಸ್ಥೆ. ನೋಡೋದಕ್ಕೆ ಎಂಜಿನಿಯರಿಂಗ್ ಡ್ರಾಯಿಂಗ್ ಥರ ನಿರುಪದ್ರವಿ. ಆದರೆ ಗೆಳೆಯನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನನಗೆ ಈ ಬಣ್ಣದ ಪೆಟ್ಟಿಗೆ ಮೊದಲು ತೆರೆದಿದ್ದು ಎಲ್ಲಿ ಅಂತ ಗೊತ್ತಾದಾಗ ಸ್ವಲ್ಪ ಬೆಚ್ಚಿದ್ದು ನಿಜ. ಅದು ತೆರೆದಿದ್ದೂ ಕ್ಯಾಲಿಫೋರ್ನಿಯಾದಲ್ಲೇ. ಆಗ ಹೊರಗಿಡಬೇಕಾಗಿದ್ದದ್ದು ಗಾಂಜಾವನ್ನಲ್ಲ, ಬಟ್ಟೆ ಒಗೆಯುವವರನ್ನು.

*

1885. ಕ್ಯಾಲಿಫೋರ್ನಿಯಾದ ಒಳನಾಡಿನ ಸಣ್ಣ ಊರು ಮೊಡೆಸ್ಟೊ. ಅಲ್ಲಿನ ಆಡಳಿತ ಒಂದು ನಿಯಮ ಮಾಡಿತು: ರೈಲು ಹಳಿಯ ಪಶ್ಚಿಮಕ್ಕೆ, ಜಿ ಸ್ಟ್ರೀಟ್‌ನ ದಕ್ಷಿಣಕ್ಕೆ ಇರುವ ಭಾಗ ಬಿಟ್ಟು ಊರಿನ ಬೇರೆಲ್ಲೂ ಸಾರ್ವಜನಿಕ ಲಾಂಡ್ರಿ ನಡೆಸಕೂಡದು. ನಿಯಮದಲ್ಲಿ ಚೀನೀಯರು ಅನ್ನುವ ಪದವೇ ಇಲ್ಲ. ಇರಬೇಕಾಗಿಯೂ ಇರಲಿಲ್ಲ. ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಲಾಂಡ್ರಿ ಅಂದರೆ ಚೀನೀಯರದೇ ಕಸುಬು, ಹಳಿಯ ಆಚೆ ಇದ್ದದ್ದು ಚೈನಾಟೌನ್. ಹ್ಯಾಂಗ್ ಕೀ ಎಂಬಾತ ಈ ನಿಯಮ ಮುರಿದ ಅಂತ ಸಿಕ್ಕಿಬಿದ್ದ. ಅವನ ಕೇಸು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1886ರಲ್ಲಿ ಕೋರ್ಟು, ಊರಿನ ಆರೋಗ್ಯ ಮತ್ತು ಸುರಕ್ಷತೆಗಾಗಿ ಇಂಥ ನಿಯಮ ಮಾಡಬಹುದು ಅಂತ ಹೇಳಿ ಅವನನ್ನು ಸೋಲಿಸಿತು.

ಅದೇ 1886ರಲ್ಲಿ ಇನ್ನೊಬ್ಬ ಲಾಂಡ್ರಿಯವನು ಗೆದ್ದ. ಈ ಕಥೆ ಸ್ಯಾನ್ ಫ್ರಾನ್ಸಿಸ್ಕೊದ್ದು. 1880ರಲ್ಲಿ ಅಲ್ಲಿ ಬಂದ ನಿಯಮದ ಪ್ರಕಾರ ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ನಗರದ ಆಡಳಿತ ಮಂಡಳಿಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್‌ನ ಅನುಮತಿ ಬೇಕು. ಊರಲ್ಲಿ ಸುಮಾರು 320 ಲಾಂಡ್ರಿಗಳಿದ್ದವು, ಅದರಲ್ಲಿ ಸುಮಾರು 310 ಮರದ ಕಟ್ಟಡದಲ್ಲೇ ಇದ್ದವು. ಸುಮಾರು 240 ಚೀನೀಯರದು. ಕೋರ್ಟ್ ದಾಖಲೆಯಲ್ಲಿ ಯಿಕ್ ವೋ ಎಂಬ ಹೆಸರಿನಿಂದಿರುವ ವ್ಯಕ್ತಿ 22 ವರ್ಷದಿಂದ ಅದೇ ಜಾಗದಲ್ಲಿ ಬಟ್ಟೆ ಒಗೆಯುತ್ತಿದ್ದ. ಬೆಂಕಿ ಸುರಕ್ಷತೆಯ ಸರ್ಟಿಫಿಕೇಟೂ ಇತ್ತು. ಅವನೂ ಅವನಂಥ 200 ಚೀನೀಯರೂ ಅನುಮತಿ ಕೇಳಿದರು, ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ ಎಂಬತ್ತು ಚಿಲ್ಲರೆ ಮಂದಿ ಕೇಳಿದರು, ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಯಿಕ್ ವೋಗೆ 10 ಡಾಲರ್ ದಂಡ ಬಿತ್ತು, ಕಟ್ಟದ್ದಕ್ಕೆ ಜೈಲಾಯಿತು. ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ಪರ ನಿಂತಿತು. ಕಾಗದದ ಮೇಲೆ ಕಾನೂನು ಎಷ್ಟೇ ಸಮಾನವಾಗಿ ಕಂಡರೂ ಅದನ್ನು ಜಾರಿ ಮಾಡುವ ಕೈ ಭೇದ ಮಾಡಿದರೆ ಅದು ಸಂವಿಧಾನಕ್ಕೆ ವಿರುದ್ಧ ಎಂಬುದು ಆ ತೀರ್ಪಿನ ಸಾರ.

ಒಂದೇ ವರ್ಷ, ಒಂದೇ ಕಸುಬು, ಒಂದೇ ಜನ. ಒಬ್ಬ ಸೋತ, ಒಬ್ಬ ಗೆದ್ದ. ಯಾಕೆ? ಸ್ಯಾನ್ ಫ್ರಾನ್ಸಿಸ್ಕೊದವರು "ಯಾರು" ಅಂತ ನೋಡಿ ಅನುಮತಿ ಕೊಟ್ಟರು, ಸಿಕ್ಕಿಬಿದ್ದರು. ಮೊಡೆಸ್ಟೊದವರು ಜಾಣರು. ಅವರು "ಎಲ್ಲಿ" ಅಂತ ಮಾತ್ರ ಹೇಳಿದರು. ಉಳಿದದ್ದನ್ನು ರೈಲು ಹಳಿಯೇ ನೋಡಿಕೊಂಡಿತು.

ಈ ಪಾಠವನ್ನು ಅಮೆರಿಕದ ನಗರಗಳು ಚೆನ್ನಾಗಿ ಕಲಿತವು. 1917ರಲ್ಲಿ ಲೂಯಿವಿಲ್ ನಗರದ ಒಂದು ನಿಯಮ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಿಳಿಯರು ಹೆಚ್ಚಿರುವ ಬೀದಿಯಲ್ಲಿ ಕಪ್ಪು ಜನ ಮನೆ ಮಾಡಕೂಡದು ಅಂತ ಅದು ನೇರವಾಗಿ ಹೇಳುತ್ತಿತ್ತು. ಕೋರ್ಟು ಅದನ್ನು ಹೊಡೆದುಹಾಕಿತು. ಒಂಬತ್ತು ವರ್ಷದ ನಂತರ, 1926ರಲ್ಲಿ, ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಕೇಸು ಬಂತು. ಇಲ್ಲಿ ಜಾತಿ, ಬಣ್ಣದ ಸುದ್ದಿಯೇ ಇಲ್ಲ. ಈ ಭಾಗದಲ್ಲಿ ಒಂಟಿ ಮನೆ, ಈ ಭಾಗದಲ್ಲಿ ಅಪಾರ್ಟ್‌ಮೆಂಟ್, ಈ ಭಾಗದಲ್ಲಿ ಕಾರ್ಖಾನೆ ಅಂತ ನಕ್ಷೆ ಅಷ್ಟೇ. ಕೋರ್ಟು ಒಪ್ಪಿತು. ನ್ಯಾಯಮೂರ್ತಿ ಸದರ್‌ಲ್ಯಾಂಡ್ ತಮ್ಮ ತೀರ್ಪಿನಲ್ಲಿ ಹಂದಿಯ ಉದಾಹರಣೆ ಕೊಟ್ಟರು. ಹಂದಿ ದೊಡ್ಡಿಯಲ್ಲಿದ್ದರೆ ತೊಂದರೆ ಇಲ್ಲ, ಪಡಸಾಲೆಗೆ ಬಂದರೆ ತೊಂದರೆ ಅನ್ನುವ ಅರ್ಥದ್ದು. ಆ ತೀರ್ಪಿನಲ್ಲಿ ಅಪಾರ್ಟ್‌ಮೆಂಟುಗಳನ್ನೂ ಒಂಟಿ ಮನೆಗಳ ಗಾಳಿ ಬೆಳಕು ಕುಡಿಯುವ ಪರಾವಲಂಬಿಗಳ ಥರ ವರ್ಣಿಸಲಾಗಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಕೂತು ಇದನ್ನು ಓದಿದ ನಾನು ಕಿಟಕಿಯಿಂದ ಆಚೆ ನೋಡಿ ಸುಮ್ಮನಾದೆ.

ಅಂದಿನಿಂದ ಜೋನಿಂಗ್ ಅಮೆರಿಕದ ಪ್ರತಿ ಊರಿನ ಹಕ್ಕಾಯಿತು. ಒಳ್ಳೆಯದೂ ಆಯಿತು. ಸ್ಕೂಲಿನ ಪಕ್ಕ ಚರ್ಮ ಹದ ಮಾಡುವ ಕಾರ್ಖಾನೆ ಬರಬಾರದು ಅನ್ನುವುದು ಯಾರಿಗೆ ಬೇಡ? ಆದರೆ ಅದರ ಹುಟ್ಟಿನಲ್ಲೇ ಇದ್ದ ಜಾಣತನ ಅದರ ಜೊತೆಗೇ ಬೆಳೆಯಿತು.

*

ಈಗ ಗಾಂಜಾಕ್ಕೆ ಬರೋಣ. ಇಲ್ಲಿ ನಮ್ಮವರೂ ಬರುತ್ತಾರೆ, ಅದೂ ವಿಚಿತ್ರ ರೀತಿಯಲ್ಲಿ.

1911ರಲ್ಲಿ ಕ್ಯಾಲಿಫೋರ್ನಿಯಾದ ಔಷಧ ಮಂಡಳಿಯ ಸದಸ್ಯ ಹೆನ್ರಿ ಫಿಂಗರ್, ಅಮೆರಿಕ ಸರ್ಕಾರದ ಅಫೀಮು ನೀತಿ ನೋಡಿಕೊಳ್ಳುತ್ತಿದ್ದ ಹ್ಯಾಮಿಲ್ಟನ್ ರೈಟ್ ಎಂಬ ಅಧಿಕಾರಿಗೆ ಒಂದು ಕಾಗದ ಬರೆದರು. ನಮ್ಮ ರಾಜ್ಯಕ್ಕೆ ಇತ್ತೀಚೆಗೆ "ಹಿಂದೂ"ಗಳು ಗುಂಪುಗುಂಪಾಗಿ ಬರುತ್ತಿದ್ದಾರೆ, ಅವರಿಂದ ಗಾಂಜಾಕ್ಕೆ ಬೇಡಿಕೆ ಶುರುವಾಗಿದೆ, ಇವರು ಬೇಡದ ಜನ, ಈ ಚಟ ನಮ್ಮ ಬಿಳಿಯರಿಗೂ ಹತ್ತುತ್ತದೆ ಎಂಬುದು ಅದರ ತಾತ್ಪರ್ಯ. ಆ ಕಾಲದ ಅಮೆರಿಕದಲ್ಲಿ ಹಿಂದೂ ಅಂದರೆ ಭಾರತದಿಂದ ಬಂದ ಯಾರೇ ಆಗಲಿ. ನಿಜದಲ್ಲಿ ಅವರಲ್ಲಿ ಬಹುಪಾಲು ಜನ ಹೊಲದಲ್ಲಿ, ಮರದ ಮಿಲ್ಲುಗಳಲ್ಲಿ ದುಡಿಯಲು ಹೋದ ಪಂಜಾಬಿ ಸಿಖ್ಖರು. ಎರಡು ವರ್ಷದ ನಂತರ, 1913ರಲ್ಲಿ, ಕ್ಯಾಲಿಫೋರ್ನಿಯಾ ತನ್ನ ವಿಷ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು ಗಾಂಜಾವನ್ನು ನಿಷೇಧಿಸಿತು. ಆಮೇಲೆ ಭಯ ಮೆಕ್ಸಿಕೊದಿಂದ ಬಂದವರ ಮೇಲೆ ತಿರುಗಿತು, ಆಮೇಲೆ ಕಪ್ಪು ಜನರ ಮೇಲೆ. 1937ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತೆರಿಗೆ ಕಾಯ್ದೆ ಬಂತು, 1970ರಲ್ಲಿ ಗಾಂಜಾ ಹೆರಾಯಿನ್ ಜೊತೆಗೆ ಅತಿ ಕಠಿಣ ಪಟ್ಟಿಗೆ ಸೇರಿತು.

ತೊಂಬತ್ತರ ದಶಕದಲ್ಲಿ ಗಾಳಿ ತಿರುಗಿತು. ಏಡ್ಸ್ ಮತ್ತು ಕ್ಯಾನ್ಸರ್ ರೋಗಿಗಳ ನೋವು ಕಂಡ ಕ್ಯಾಲಿಫೋರ್ನಿಯಾದ ಮತದಾರರು 1996ರ ನವೆಂಬರಿನಲ್ಲಿ ಪ್ರೊಪೊಸಿಷನ್ 215 ಅನ್ನು ಗೆಲ್ಲಿಸಿದರು. ಡಾಕ್ಟರ್ ಸಲಹೆ ಇದ್ದರೆ ಗಾಂಜಾ ಬಳಸಬಹುದು. ಆದರೆ ಅದನ್ನು ಎಲ್ಲಿ ಕೊಳ್ಳಬೇಕು, ಯಾರು ಮಾರಬೇಕು ಅನ್ನೋದನ್ನು ಆ ಕಾನೂನು ಸರಿಯಾಗಿ ಹೇಳಲೇ ಇಲ್ಲ. ಆ ಖಾಲಿ ಜಾಗದಲ್ಲಿ ಅಂಗಡಿಗಳು ಹುಟ್ಟಿಕೊಂಡವು. ಲಾಸ್ ಏಂಜಲೀಸ್ 2007ರಲ್ಲಿ ಹೊಸ ಅಂಗಡಿಗೆ ತಾತ್ಕಾಲಿಕ ತಡೆ ಹಾಕಿತು, ಆದರೆ ವಿನಾಯಿತಿಗೆ ಅರ್ಜಿ ಹಾಕಿಕೊಳ್ಳಬಹುದು ಅಂತ ಒಂದು ಕಿಂಡಿ ಬಿಟ್ಟಿತು. ಕಿಂಡಿಯಲ್ಲಿ ನೂರಾರು ಅಂಗಡಿಗಳು ನುಗ್ಗಿದವು. ಕೊನೆಗೆ 2013ರಲ್ಲಿ ಅಲ್ಲಿನ ಮತದಾರರು, ಆ ತಡೆಗೂ ಮುಂಚೆ ಇದ್ದ ಸುಮಾರು 135 ಅಂಗಡಿ ಮಾತ್ರ ಉಳಿಯಲಿ ಅಂತ ತೀರ್ಮಾನಿಸಿದರು.

ಸಣ್ಣ ಊರುಗಳು ಇಷ್ಟು ಒದ್ದಾಡಲಿಲ್ಲ. ಅವು ಜೋನಿಂಗ್ ಪುಸ್ತಕ ತೆಗೆದು ಒಂದು ಸಾಲು ಸೇರಿಸಿದವು: ಗಾಂಜಾ ಅಂಗಡಿ ಯಾವ ವಲಯದಲ್ಲೂ ಸಲ್ಲದು. ದಕ್ಷಿಣ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ನಗರ ಹೀಗೆ ಮಾಡಿದಾಗ ಅಲ್ಲಿನ ಒಂದು ಅಂಗಡಿಯ ಕೇಸು ಕೋರ್ಟಿಗೆ ಹೋಯಿತು. ರಾಜ್ಯ ಕೊಟ್ಟದ್ದನ್ನು ಊರು ಹೇಗೆ ಕಿತ್ತುಕೊಳ್ಳುತ್ತೆ ಅನ್ನುವುದು ಅಂಗಡಿಯವರ ವಾದ. 2013ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಮ್ಮತದಿಂದ ಊರಿನ ಪರ ತೀರ್ಪು ಕೊಟ್ಟಿತು. ರಾಜ್ಯದ ಕಾನೂನು ಮಾಡಿದ್ದು ಇಷ್ಟೇ: ಕೆಲವರನ್ನು ಕೆಲವು ಶಿಕ್ಷೆಗಳಿಂದ ಪಾರು ಮಾಡಿದೆ. ಅಂಗಡಿ ತೆರೆಯುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ನೆಲವನ್ನು ಹೇಗೆ ಬಳಸಬೇಕು ಅನ್ನುವುದು ಊರಿನ ಹಳೇ ಅಧಿಕಾರ, ಅದು ಹಾಗೇ ಇದೆ. ಹ್ಯಾಂಗ್ ಕೀಯನ್ನು ಸೋಲಿಸಿದ ಅದೇ ಕೋರ್ಟು, 127 ವರ್ಷದ ನಂತರ, ಹೆಚ್ಚುಕಡಿಮೆ ಅದೇ ಅಧಿಕಾರದ ಹೆಸರಿನಲ್ಲಿ.

2016ರಲ್ಲಿ ಪ್ರೊಪೊಸಿಷನ್ 64 ಬರೆದವರಿಗೆ ಈ ತೀರ್ಪು ಚೆನ್ನಾಗಿ ನೆನಪಿತ್ತು. ಊರುಗಳನ್ನು ಎದುರು ಹಾಕಿಕೊಂಡರೆ ಗೆಲ್ಲುವುದಿಲ್ಲ ಅನ್ನುವುದೂ ಗೊತ್ತಿತ್ತು. ಹಾಗಾಗಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಬರೆದರು. 21 ವರ್ಷ ದಾಟಿದವರು ಗಾಂಜಾ ಇಟ್ಟುಕೊಳ್ಳಬಹುದು, ಸೇದಬಹುದು. ಆದರೆ ವ್ಯಾಪಾರವನ್ನು ಪೂರ್ತಿ ನಿಷೇಧಿಸುವ ಹಕ್ಕು ಪ್ರತಿ ನಗರಕ್ಕೂ ಕೌಂಟಿಗೂ ಇದೆ. ಶೇ. 57 ಮತ ಬಿತ್ತು. 2018ರ ಜನವರಿ 1ರಂದು ಅಂಗಡಿಗಳು ತೆರೆದವು, ತೆರೆಯಲು ಬಿಟ್ಟ ಊರುಗಳಲ್ಲಿ. ಚಿಲ್ಲರೆ ಅಂಗಡಿಗೆ ಬಾಗಿಲು ಮುಚ್ಚಿರುವ ನಗರ, ಕೌಂಟಿಗಳೇ ಇವತ್ತಿಗೂ ರಾಜ್ಯದ ಅರ್ಧಕ್ಕಿಂತ ಹೆಚ್ಚು. ಕೊಲರಾಡೊದಲ್ಲೂ ಹೀಗೇ. 2014ರ ಜನವರಿ 1ರಂದೇ ಡೆನ್ವರ್‌ನಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಆದರೆ ಆ ರಾಜ್ಯದ ಎರಡನೇ ದೊಡ್ಡ ನಗರ ಕೊಲರಾಡೊ ಸ್ಪ್ರಿಂಗ್ಸ್ ಒಪ್ಪಿದ್ದು 2024ರ ನವೆಂಬರಿನ ಮತದಾನದಲ್ಲಿ.

*

ಬೇಡ ಅಂದ ಊರುಗಳ ಕಥೆ ಅಷ್ಟಕ್ಕೇ ಮುಗಿಯಿತು. ನಿಜವಾದ ಆಟ ಇರುವುದು ಬೇಕು ಅಂದ ಊರುಗಳಲ್ಲಿ.

ಅಲ್ಲಿ ಅಳತೆ ಟೇಪು ಹೊರಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ರಾಜ್ಯ ನಿಯಮದ ಪ್ರಕಾರ ಸ್ಕೂಲು, ಡೇ ಕೇರ್, ಮಕ್ಕಳ ಕೇಂದ್ರಗಳಿಂದ ಗಾಂಜಾ ಅಂಗಡಿ 600 ಅಡಿ ದೂರ ಇರಬೇಕು. ಊರು ಬೇಕಿದ್ದರೆ ಇದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ವಾಷಿಂಗ್ಟನ್ ರಾಜ್ಯ 2012ರಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿದಾಗ 1000 ಅಡಿ ಅಂತ ಬರೆಯಿತು. ಈ 1000 ಅಡಿ ಆಕಾಶದಿಂದ ಬಿದ್ದದ್ದಲ್ಲ. 1984ರಲ್ಲಿ, ಸ್ಕೂಲಿನಿಂದ 1000 ಅಡಿಯೊಳಗೆ ಡ್ರಗ್ಸ್ ಮಾರಿದರೆ ಶಿಕ್ಷೆ ಹೆಚ್ಚು ಅಂತ ಅಮೆರಿಕದ ಕೇಂದ್ರ ಸರ್ಕಾರ ತಂದ ಕಾನೂನಿನ ಅಳತೆ ಅದು. ಅಪರಾಧಿಗಳನ್ನು ಹಿಡಿಯಲು ಮಾಡಿದ ಅಳತೆಯೇ ಲೈಸೆನ್ಸ್ ಇರುವ ವ್ಯಾಪಾರಿಗೂ ಬಂತು.

600 ಅಡಿ ಅಂದರೆ ಎಷ್ಟು ಮಹಾ, ಇನ್ನೂರು ಮೀಟರೂ ಇಲ್ಲ ಅನ್ನಿಸಬಹುದು. ಒಂದು ಕೈವಾರ ತಗೊಂಡು ವೃತ್ತ ಎಳೆದು ನೋಡಿ. 600 ಅಡಿ ತ್ರಿಜ್ಯದ ವೃತ್ತದೊಳಗೆ ಸುಮಾರು 26 ಎಕರೆ ಬರುತ್ತದೆ. 1000 ಅಡಿ ಮಾಡಿದರೆ 72 ಎಕರೆ. ದೂರ ಎರಡು ಪಟ್ಟೂ ಆಗಲಿಲ್ಲ, ನೆಲ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಅದೂ ಸ್ಕೂಲು ಒಂದು ಚುಕ್ಕೆ ಅಂತ ಲೆಕ್ಕ ಹಾಕಿದರೆ. ನಿಜದಲ್ಲಿ ಅಳೆಯುವುದು ಕಾಂಪೌಂಡಿನ ಗಡಿಯಿಂದ, ನೇರ ಗೆರೆ ಎಳೆದು. ಈಗ ವಾಷಿಂಗ್ಟನ್‌ನ ಪಟ್ಟಿ ನೋಡಿ: ಸ್ಕೂಲು, ಆಟದ ಮೈದಾನ, ಮನರಂಜನಾ ಕೇಂದ್ರ, ಡೇ ಕೇರ್, ಪಾರ್ಕು, ಬಸ್ ನಿಲ್ದಾಣದಂಥ ಸಾರಿಗೆ ಕೇಂದ್ರ, ಲೈಬ್ರರಿ, ವಿಡಿಯೊ ಗೇಮ್ ಆರ್ಕೇಡ್. ಒಂದೊಂದರ ಸುತ್ತಲೂ 72 ಎಕರೆ. ಒಂದು ಸಾಧಾರಣ ಊರಿನ ನಕ್ಷೆಯ ಮೇಲೆ ಇಷ್ಟು ವೃತ್ತ ಎಳೆದ ಮೇಲೆ ಉಳಿಯುವುದು ಹೆದ್ದಾರಿ ಪಕ್ಕದ ಗೋದಾಮುಗಳ ಸಾಲು, ಅಷ್ಟೇ. 2015ರಲ್ಲಿ ಆ ರಾಜ್ಯವೇ ಇದು ಅತಿಯಾಯಿತು ಅಂತ, ಸ್ಕೂಲು ಮತ್ತು ಆಟದ ಮೈದಾನ ಬಿಟ್ಟು ಉಳಿದವಕ್ಕೆ ದೂರವನ್ನು 100 ಅಡಿವರೆಗೂ ಇಳಿಸಬಹುದು ಅಂತ ಊರುಗಳಿಗೆ ಹೇಳಿತು.

ಬೆಂಗಳೂರಿಗರಿಗೆ ಈ ಟೇಪಿನ ಮಹಿಮೆ ಸ್ವಲ್ಪ ಗೊತ್ತು. 2017ರ ಮಳೆಗಾಲದಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅನ್ನುವ ಆದೇಶದಿಂದ ಎಂ.ಜಿ. ರೋಡಿನ ಬಾರುಗಳಿಗೆ ಬೀಗ ಬಿದ್ದದ್ದು ನೆನಪಿರಬಹುದು. ಬಾರು ಒಂದಿಂಚೂ ಅಲುಗಾಡಿರಲಿಲ್ಲ, ನಿಯಮ ಬಂದು ಸುತ್ತಿಕೊಂಡಿತ್ತು.

ಉಳಿದ ಆ ಚೂರು ಜಾಗಕ್ಕೆ ವ್ಯಾಪಾರಿಗಳ ಭಾಷೆಯಲ್ಲಿ ಗ್ರೀನ್ ಜೋನ್ ಅಂತ ಹೆಸರು. ಇಲ್ಲಿಂದ ದುಡ್ಡಿನ ಲೆಕ್ಕ ಶುರು. ಗ್ರೀನ್ ಜೋನಿನ ಒಳಗೆ ಪಾಳುಬಿದ್ದ ಶೆಡ್ಡು ಇದ್ದವನು ರಾತ್ರೋರಾತ್ರಿ ಯಜಮಾನ. ಅವನು ಹೇಳಿದ್ದೇ ಬಾಡಿಗೆ. ಗಾಂಜಾ ಮಾರಾಟ ಕೇಂದ್ರದ ಕಾನೂನಿನಲ್ಲಿ ಇನ್ನೂ ಅಪರಾಧವಾದ್ದರಿಂದ ಬಹುತೇಕ ಬ್ಯಾಂಕುಗಳು ಈ ವ್ಯಾಪಾರಕ್ಕೆ ಸಾಲ ಕೊಡಲು ಹಿಂಜರಿಯುತ್ತವೆ. ಅಂದಮೇಲೆ ಕೈಯಲ್ಲಿ ನಗದು ಇರುವವನೇ ಆಟಕ್ಕೆ ಇಳಿಯಬೇಕು.

ಕೈಯಲ್ಲಿ ನಗದು ಇಲ್ಲದವರು ಯಾರು? ಗಾಂಜಾ ಅಪರಾಧವಾಗಿದ್ದ ವರ್ಷಗಳಲ್ಲಿ ಅದಕ್ಕಾಗಿ ಜೈಲಿಗೆ ಹೋದವರು, ಪೊಲೀಸರು ದಿನಾ ಸುತ್ತುತ್ತಿದ್ದ ಬೀದಿಗಳವರು, ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಜನ. ಅವರಿಗೊಂದು ದಾರಿ ಮಾಡಿಕೊಡಬೇಕು ಅಂತ 2017ರಲ್ಲಿ ಓಕ್ಲೆಂಡ್ ನಗರ ಮೊದಲಾಗಿ ಈಕ್ವಿಟಿ ಯೋಜನೆ ತಂದಿತು. ಲೈಸೆನ್ಸುಗಳಲ್ಲಿ ಒಂದು ಪಾಲು ಅವರಿಗೇ ಮೀಸಲು. ಲಾಸ್ ಏಂಜಲೀಸ್ ಕೂಡ ಹಿಂಬಾಲಿಸಿತು. ಉದ್ದೇಶ ಚೆನ್ನಾಗಿತ್ತು. ಆದರೆ 2019ರಲ್ಲಿ ಅಲ್ಲಿ ಈಕ್ವಿಟಿ ಅಂಗಡಿಗಳಿಗೆ ಅರ್ಜಿ ಕರೆದಾಗ, ಅರ್ಜಿ ಹಾಕುವ ಮುಂಚೆಯೇ ನಿಯಮಕ್ಕೆ ಹೊಂದುವ ಜಾಗ ಕೈಯಲ್ಲಿರಬೇಕಿತ್ತು. ಅಲ್ಲಿನ ಅಳತೆ 700 ಅಡಿ, ಸ್ಕೂಲಿನಿಂದ ಮಾತ್ರ ಅಲ್ಲ, ಇನ್ನೊಂದು ಗಾಂಜಾ ಅಂಗಡಿಯಿಂದಲೂ. ಜನ ಸಾಲ ಸೋಲ ಮಾಡಿ ಜಾಗ ಹಿಡಿದರು. ಲೈಸೆನ್ಸ್ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಖಾಲಿ ಅಂಗಡಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿದರು. ಕಟ್ಟಲಾಗದವರು ಹಣ ಹಾಕಲು ಬಂದ ಹೂಡಿಕೆದಾರನಿಗೆ ವ್ಯಾಪಾರದ ಬಹುಪಾಲು ಬರೆದುಕೊಟ್ಟರು. "ಯಾರು" ಅನ್ನುವ ಪ್ರಶ್ನೆಗೆ ಒಂದು ಕೈಯಲ್ಲಿ ನ್ಯಾಯವಾದ ಉತ್ತರ ಕೊಟ್ಟ ನಗರ, "ಎಲ್ಲಿ" ಅನ್ನುವ ನಿಯಮದಿಂದ ಇನ್ನೊಂದು ಕೈಯಲ್ಲಿ ಅದನ್ನು ವಾಪಸ್ ತಗೊಂಡಂತಾಯಿತು. ಆಮೇಲೆ ನಗರ ಆ ಷರತ್ತನ್ನು ಸಡಿಲಿಸಿತು. ಅಷ್ಟರಲ್ಲಿ ಎಷ್ಟೋ ಜನರ ಉಳಿತಾಯ ಕರಗಿತ್ತು.

ಡೆನ್ವರ್‌ನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಗಾಂಜಾ ಬೆಳೆಯುವ ಗೋದಾಮುಗಳಿಗೆ ಅಲ್ಲಿ ಕೈಗಾರಿಕಾ ವಲಯವೇ ಬೇಕು. ನಕ್ಷೆಯಲ್ಲಿ ಆ ವಲಯ ಎಲ್ಲಿದೆ? ಒಂದು ದೊಡ್ಡ ಪಾಲು ಗ್ಲೋಬ್‌ವಿಲ್, ಎಲೀರಿಯಾ-ಸ್ವಾನ್ಸಿಯಾ ಎಂಬ ಬಡಾವಣೆಗಳಲ್ಲಿ. ಹಿಂದೆ ಲೋಹ ಕರಗಿಸುವ ಕುಲುಮೆಗಳಿದ್ದ ಜಾಗ, ನಡುವೆ ಹೆದ್ದಾರಿಗಳು ಸೀಳಿಕೊಂಡು ಹೋದ ಜಾಗ, ದುಡಿದು ತಿನ್ನುವ ಲ್ಯಾಟಿನೊ ಕುಟುಂಬಗಳ ಜಾಗ. ಒಳ್ಳೆಯ ಬಡಾವಣೆಗಳು ಬೇಡ ಅಂದದ್ದೆಲ್ಲ ನೂರು ವರ್ಷದಿಂದ ಹೋಗಿ ಸೇರುತ್ತಿದ್ದ ವಿಳಾಸ ಅದು. ಗೋದಾಮುಗಳ ಘಾಟು ವಾಸನೆ ಮನೆಯೊಳಗೆ ಬರುತ್ತೆ ಅಂತ ಅಲ್ಲಿನವರು ದೂರು ಕೊಟ್ಟರು. 2016ರಲ್ಲಿ ನಗರ ವಾಸನೆ ತಡೆಯುವ ನಿಯಮ ತಂದಿತು. ಗೋದಾಮುಗಳು ಮಾತ್ರ ಆ ಬಡಾವಣೆಗಳಲ್ಲೇ ಉಳಿದವು.

*

ಇಷ್ಟೆಲ್ಲ ಓದಿದ ಮೇಲೆ ಊರವರನ್ನು ಬೈದು ಮುಗಿಸಿಬಿಡುವುದು ಸುಲಭ. ನನಗೆ ಅದಾಗಲಿಲ್ಲ. ಯಾಕೆ ಅಂತ ಒಂದು ಘಟನೆ ಹೇಳಿ ವಿವರಿಸುತ್ತೇನೆ.

2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸನ್‌ಸೆಟ್ ಬಡಾವಣೆಯ ನೊರಿಯೇಗ ಸ್ಟ್ರೀಟ್‌ನಲ್ಲಿ ಗಾಂಜಾ ಅಂಗಡಿ ತೆರೆಯಲು ಒಂದು ಅರ್ಜಿ ಬಂತು. ನಗರದ ಯೋಜನಾ ಆಯೋಗ ಒಪ್ಪಿತು. ಆ ಬಡಾವಣೆಯಲ್ಲಿ ಚೀನೀ ಮೂಲದವರು ತುಂಬಾ ಜನ. ಅವರಲ್ಲಿ ಬಹಳಷ್ಟು ಮಂದಿ ವಿರೋಧಿಸಿದರು. ಮಕ್ಕಳು ಓಡಾಡುವ ಬೀದಿ ಅಂದರು, ಮಾದಕ ವಸ್ತು ಅನ್ನುವ ಮಾತೇ ಅವರ ಮನೆಗಳಲ್ಲಿ ಬೇರೆ ನೆನಪುಗಳನ್ನು ಕೆದಕುತ್ತದೆ. ಅಕ್ಟೋಬರಿನಲ್ಲಿ ಆಯೋಗದ ಅನುಮತಿ ರದ್ದಾಯಿತು. ರದ್ದು ಮಾಡಿದ್ದು ಬೋರ್ಡ್ ಆಫ್ ಸೂಪರ್‌ವೈಸರ್ಸ್. ಹೌದು, ಯಿಕ್ ವೋನ ಲಾಂಡ್ರಿಗೆ ಅನುಮತಿ ಕೊಡದ ಅದೇ ಮಂಡಳಿ.

ನಾನು ಇದನ್ನು ಅಣಕಿಸಲು ಹೇಳುತ್ತಿಲ್ಲ. ತಮ್ಮ ಬೀದಿ ಹೇಗಿರಬೇಕು ಅಂತ ಹೇಳಲು 1886ರಲ್ಲಿ ಆ ಜನಕ್ಕೆ ಹಕ್ಕೇ ಇರಲಿಲ್ಲ. 2017ರಲ್ಲಿ ಸಭೆಗೆ ಹೋಗಿ ಮೈಕ್ ಮುಂದೆ ನಿಂತು ಹೇಳಿದರು, ಆಡಳಿತ ಕೇಳಿಸಿಕೊಂಡಿತು. ಪ್ರಜಾಪ್ರಭುತ್ವ ಅಂದರೆ ಇದೇ ಅಲ್ಲವಾ? 1933ರಲ್ಲಿ ಮದ್ಯ ನಿಷೇಧ ತೆಗೆದಾಗಲೂ ಅಮೆರಿಕದ ಎಷ್ಟೋ ಕೌಂಟಿಗಳು ನಮಗೆ ಬೇಡ ಅಂದವು, ಕೆಲವು ಇವತ್ತಿಗೂ ಒಣ ಕೌಂಟಿಗಳೇ. ಊರಿಗೆ ತನ್ನ ಮಾತು ಇರಬೇಕು. ತೊಂದರೆ ಇರುವುದು ಎಲ್ಲ ಊರಿಗೂ, ಎಲ್ಲ ಬೀದಿಗೂ ಅಷ್ಟೇ ಮಾತು ಇಲ್ಲದಿರುವುದರಲ್ಲಿ. ಸಭೆಗೆ ಹೋಗಲು ಸಂಜೆ ಬಿಡುವು ಇರುವ, ವಕೀಲರ ಪರಿಚಯ ಇರುವ, ಮನೆ ಸ್ವಂತದ್ದಾಗಿರುವ ಬೀದಿ ಬೇಡ ಅನ್ನುತ್ತದೆ. ಅಂಗಡಿ ಮಾಯವಾಗುವುದಿಲ್ಲ, ಬೇಡ ಅನ್ನಲಾಗದ ಬೀದಿಗೆ ಹೋಗುತ್ತದೆ. ಇಲ್ಲವೇ ಲೈಸೆನ್ಸ್ ಇಲ್ಲದವನ ಕಾರಿನ ಡಿಕ್ಕಿಗೆ ಹೋಗುತ್ತದೆ. ಕೊಳ್ಳುವವರು ಮಾತ್ರ ಎಲ್ಲ ಬೀದಿಯಲ್ಲೂ ಇದ್ದಾರೆ. ಕ್ಯಾಲಿಫೋರ್ನಿಯಾ ಇದನ್ನು ಅರ್ಧ ಒಪ್ಪಿಕೊಂಡಿದೆ. ಔಷಧಿಗಾಗಿ ಬೇಕಾದ ಗಾಂಜಾವನ್ನು ಮನೆಗೆ ತಲುಪಿಸುವುದನ್ನು ಯಾವ ಊರೂ ತಡೆಯುವಂತಿಲ್ಲ ಅನ್ನುವ ಕಾನೂನು 2024ರ ಜನವರಿಯಿಂದ ಜಾರಿಯಲ್ಲಿದೆ. 1996ರಲ್ಲಿ ರೋಗಿಗಳ ಹೆಸರಿನಲ್ಲಿ ಗೆದ್ದ ಮತ ರೋಗಿಯ ಬಾಗಿಲಿಗೆ ತಲುಪಲು ಇಪ್ಪತ್ತೇಳು ವರ್ಷ ಬೇಕಾಯಿತು.

ಗೆಳೆಯನಿಗೆ ಇದನ್ನೆಲ್ಲ ಎರಡು ಮೂರು ಊಟದ ಬ್ರೇಕಿನಲ್ಲಿ ಹೇಳಿದೆ. ಅವನಿಗೆ ಅಳತೆ ಟೇಪಿಗಿಂತ 1911ರ ಕಾಗದವೇ ಹೆಚ್ಚು ನಾಟಿತು. "ಅಂದ್ರೆ, ನಮ್ಮೋರು ಗಾಂಜಾ ತರ್ತಾರೆ ಅಂತ ಹೆದರಿ ನಿಷೇಧ ಮಾಡಿದ ರಾಜ್ಯದಲ್ಲಿ, ಈಗ ನಮ್ಮೋರೇ ಕೂತು ನಮ್ಮೂರಿಗೆ ಬೇಡ ಅಂತಿದೀವಾ?" ಅಂತ ನಕ್ಕ. ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದನಂತೆ.

ಮರುದಿನ ಅಕ್ಕನ ವಾಯ್ಸ್ ಮೆಸೇಜ್ ಕೇಳಿಸಿದ. "ಆ ಕಾಗದದ ಕಥೆ ಗೊತ್ತಿರಲಿಲ್ಲ ಕಣೋ. ಆದ್ರೂ ನಿಜ ಹೇಳ್ಲಾ? ಮಗಳ ಸ್ಕೂಲ್ ಹತ್ರ ಅಂಗಡಿ ಬರುತ್ತೆ ಅಂದ್ರೆ ನಾನು ಈಗ್ಲೂ ಬೇಡ ಅಂತಾನೇ ಹೇಳ್ತೀನಿ. ಆದ್ರೆ ಇಷ್ಟು ದಿನ ಬೇಡ ಅಂದ್ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ಒಂದ್ಸಲಾನೂ ಯೋಚನೆ ಮಾಡಿರ್ಲಿಲ್ಲ ನೋಡು."